ಇಸೋಲ್ಡೆಯನ್ನು ರಂಗಕ್ಕೆ ತರುವಾಗ ಮದ್ದಿನ ಬಟ್ಟಲನ್ನು ಏನು ಮಾಡಬೇಕು?

ಪ್ರಶ್ನೆ: ನಮ್ಮ ಕಾಲೇಜಿನ ರಂಗತಂಡಕ್ಕಾಗಿ ಟ್ರಿಸ್ಟನ್ ಮತ್ತು ಇಸೋಲ್ಡೆಯ ಕಥೆಯನ್ನು ಒಂದೂವರೆ ಗಂಟೆಯ ಕನ್ನಡ ನಾಟಕವಾಗಿ ಬರೆಯುತ್ತಿದ್ದೇನೆ. ಮಾರ್ಕ್ ದೊರೆಗೆ ಹೆಂಡತಿಯಾಗಬೇಕಾದ ಐರ್ಲೆಂಡಿನ ಇಸೋಲ್ಡೆಯೂ ಅವಳನ್ನು ಕರೆತರುತ್ತಿದ್ದ ಅವನ ಸೋದರಳಿಯ ಟ್ರಿಸ್ಟನ್ನನೂ ಹಡಗಿನಲ್ಲಿ ತಿಳಿಯದೆ ಒಲವಿನ ಮದ್ದು ಕುಡಿದು ಪ್ರೇಮಿಗಳಾಗುವ ಮಧ್ಯಯುಗದ ಕಥೆ ಅದು. ನಾನು ಓದಿರುವುದು ಇಂಗ್ಲಿಷಿನ ಒಂದು ಗದ್ಯಸಂಗ್ರಹವನ್ನು ಮಾತ್ರ. ಸಹೋದ್ಯೋಗಿಗಳಲ್ಲಿ ಕೆಲವರು, ‘ಗಂಡನಿಗೆ ಮೋಸ ಮಾಡಿ, ದೇವರ ಮುಂದೆ ಸುಳ್ಳು ಪ್ರಮಾಣ ಮಾಡಿ, ನಂಬಿದ ದಾಸಿಯನ್ನೇ ಕೊಲ್ಲಿಸಹೊರಟವಳು ದುರಂತ ನಾಯಕಿ ಹೇಗಾಗುತ್ತಾಳೆ? ಇವಳು ನಮ್ಮ ಜನ್ನನ ಅಮೃತಮತಿಯ ಸಾಲಿನವಳಲ್ಲವೇ?’ ಎಂದು ಕೇಳುತ್ತಾರೆ. ಇನ್ನು ಕೆಲವರು, ‘ಎಲ್ಲವೂ ಮದ್ದಿನ ಪ್ರಭಾವವೆಂದಾದರೆ ಅವಳ ಪಾತ್ರದಲ್ಲಿ ಅಭಿನಯಿಸಲು ಏನು ಉಳಿಯಿತು?’ ಎನ್ನುತ್ತಾರೆ. ಮದ್ದು, ದಾಸಿಯ ಪ್ರಸಂಗ, ಪ್ರಮಾಣ ಇವನ್ನು ಕೈಬಿಡಬಹುದೇ? ಕೊನೆಗೆ ಬರಬೇಕಾದದ್ದು ಕರಿಯ ಹಾಯಿಯೋ, ಮಾರ್ಕನ ಈಟಿಯೋ? ಇಂಥವಳೊಬ್ಬಳು ನಿಜವಾಗಿ ಇದ್ದಳೇ? ಹಕ್ಕುಸ್ವಾಮ್ಯದ ತೊಡಕೇನಾದರೂ ಇದೆಯೇ?

ಉತ್ತರ: ನಿಮ್ಮ ಪ್ರಶ್ನೆಗಳು ಹಲವಾದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಇಸೋಲ್ಡೆಯನ್ನು ನಿರ್ದೋಷಿಯೆಂದು ತೋರಿಸಹೊರಟರೆ ಅವಳು ಮದ್ದಿನ ಕೈಗೊಂಬೆಯಾಗುತ್ತಾಳೆ. ಅವಳಿಗೆ ಸ್ವಂತ ಇಚ್ಛೆಯಿತ್ತೆಂದು ತೋರಿಸಿದರೆ ಪ್ರೇಕ್ಷಕರು ಅವಳನ್ನು ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಮಧ್ಯಯುಗದ ಯುರೋಪಿನ ಕಥನಕಾವ್ಯಗಳನ್ನು ಪಾಠ ಹೇಳುತ್ತ ಬಂದಿರುವ ನನಗೆ ಈ ಇಕ್ಕಟ್ಟು ಚಿರಪರಿಚಿತ. ತರಗತಿಯಲ್ಲಿ ಈ ಕಥೆಯನ್ನು ತೆಗೆದುಕೊಂಡ ದಿನ ವಿದ್ಯಾರ್ಥಿಗಳು ಮೊದಲು ಕೇಳುವುದು ಮದ್ದಿನ ವಿಷಯವನ್ನೇ. ಹನ್ನೆರಡನೆಯ ಶತಮಾನದ ಓದುಗರಿಗೂ ಇದು ಸಮಸ್ಯೆಯಾಗಿತ್ತು. 1176ರ ಸುಮಾರಿಗೆ ಫ್ರೆಂಚ್ ಕವಿ ಕ್ರೆತಿಯಾಂ ದ ತ್ರ್ವಾ ಬರೆದ ‘ಕ್ಲಿಜೆಸ್’ ಎಂಬ ಕಾವ್ಯದ ನಾಯಕಿ ಫೆನೀಸ್, ಇಸೋಲ್ಡೆಯಂತೆ ಹೃದಯವನ್ನು ಒಬ್ಬನಿಗೂ ದೇಹವನ್ನು ಇಬ್ಬರಿಗೂ ಕೊಟ್ಟು ಬಾಳುವುದಕ್ಕಿಂತ ತನ್ನ ಅಂಗಾಂಗಗಳನ್ನು ಸೀಳಿಹಾಕಿದರೂ ಮೇಲು ಎಂದು ಖಂಡಿತವಾಗಿ ಹೇಳುತ್ತಾಳೆ. ಹೀಗಾಗಿ ನಿಮ್ಮ ಸಹೋದ್ಯೋಗಿಗಳ ಆಕ್ಷೇಪಕ್ಕೆ ಎಂಟುನೂರು ವರ್ಷಗಳಿಗೂ ಮಿಕ್ಕ ವಯಸ್ಸಾಗಿದೆ. ಅದನ್ನು ತಳ್ಳಿಹಾಕದೆ ನಾಟಕದೊಳಗೇ ತರುವುದು ಒಳ್ಳೆಯದು.

‘ಮೂಲ’ ಯಾವುದೆಂಬ ಮಾತನ್ನು ಮೊದಲು ತೆಗೆದುಕೊಳ್ಳೋಣ. ಈ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳುವ ಹಳೆಯ ಫ್ರೆಂಚ್ ಕಾವ್ಯವಾವುದೂ ನಮಗೆ ಪೂರ್ತಿಯಾಗಿ ಉಳಿದಿಲ್ಲ. ಇಂದು ಹೆಚ್ಚಿನವರು ಓದುವ ಅಖಂಡ ಕಥೆ ಫ್ರೆಂಚ್ ವಿದ್ವಾಂಸ ಜೋಸೆಫ್ ಬೆದಿಯೆ 1900ರಲ್ಲಿ ಹಳೆಯ ತುಣುಕುಗಳಿಂದ ಜೋಡಿಸಿದ್ದು. ಆ ತುಣುಕುಗಳಲ್ಲಿ ಹನ್ನೆರಡನೆಯ ಶತಮಾನದ ಉತ್ತರಾರ್ಧದ ಬೆರೂಲ್ ಕವಿಯ ಕಾವ್ಯ ಒಂದು. ಅದು ಒಂದೇ ಹಸ್ತಪ್ರತಿಯಲ್ಲಿ ಸುಮಾರು 4,500 ಸಾಲುಗಳಷ್ಟು ಉಳಿದಿದ್ದು, ಅದರ ಆರಂಭವೂ ಇಲ್ಲ, ಅಂತ್ಯವೂ ಇಲ್ಲ. ಅದೇ ಕಾಲದ ಥಾಮಸ್ ಕವಿಯದು ಅಲ್ಲಲ್ಲಿ ಚದುರಿದ ತುಂಡುಗಳು. ಪ್ರೇಮಿಗಳು ಹಡಗಿನಲ್ಲಿ ಮನಸ್ಸು ಬಿಚ್ಚಿಕೊಳ್ಳುವ ಭಾಗವಂತೂ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಸಿಕ್ಕ ತುಣುಕಿನಿಂದಾಗಿ 1990ರ ದಶಕದಲ್ಲಷ್ಟೇ ವಿದ್ವಾಂಸರ ಗಮನಕ್ಕೆ ಬಂತು. ಥಾಮಸನ ಕಥೆಯ ಪೂರ್ಣ ಹಂದರ ನಮಗೆ ತಿಳಿದಿರುವುದು, ನಾರ್ವೆಯ ದೊರೆ ಹಾಕೋನನ ಅಪ್ಪಣೆಯಂತೆ ರಾಬರ್ಟ್ ಎಂಬ ಸನ್ಯಾಸಿ 1226ರಲ್ಲಿ ಅದನ್ನು ನಾರ್ಸ್ ಗದ್ಯಕ್ಕೆ ತಂದದ್ದರಿಂದ. ಜರ್ಮನಿಯ ಗಾಟ್‌ಫ್ರೀಡ್ 1210ರ ಆಸುಪಾಸಿನಲ್ಲಿ ಥಾಮಸನನ್ನೇ ಅನುಸರಿಸಿ 19,000ಕ್ಕೂ ಹೆಚ್ಚು ಸಾಲುಗಳ ಮಹಾಕಾವ್ಯ ಬರೆದು, ಮುಗಿಸದೆ ನಿಲ್ಲಿಸಿದ. ಹಡಗಿನ ಹಾಯಿ ಕರಿಯದೆಂಬ ಸುಳ್ಳು ಕೇಳಿ ಟ್ರಿಸ್ಟನ್ ಸಾಯುವ ಕೊನೆ ಥಾಮಸನಲ್ಲೂ, ಇನ್ನೊಬ್ಬ ಜರ್ಮನ್ ಕವಿ ಐಲ್‌ಹಾರ್ಟ್‌ನಲ್ಲೂ ಇದೆ. ಮಾರ್ಕನ ವಿಷಪೂರಿತ ಈಟಿಯಿಂದ ಅವನು ಸಾಯುವ ಕೊನೆ ಹದಿಮೂರನೆಯ ಶತಮಾನದ ಫ್ರೆಂಚ್ ಗದ್ಯರೂಪಕ್ಕೆ ಸೇರಿದ್ದು. ಉಳಿದಿರುವ ಪಠ್ಯಗಳ ಮಟ್ಟಿಗೆ ಹಾಯಿಯೇ ಹಳೆಯದು. ಆದರೆ ಎರಡೂ ತಮ್ಮ ತಮ್ಮ ಪರಂಪರೆಯಲ್ಲಿ ಸಾಚಾ.

ಇಸೋಲ್ಡೆ ಇತಿಹಾಸದಲ್ಲಿ ಇದ್ದಳೆನ್ನಲು ಯಾವ ಆಧಾರವೂ ಇಲ್ಲ. ಕಾರ್ನ್‌ವಾಲಿನ ಫೋಯ್ ಊರಿನ ಬಳಿ ಆರನೆಯ ಶತಮಾನದ್ದೆನ್ನಲಾಗುವ ಒಂದು ಶಾಸನಕಲ್ಲಿದೆ. ಅದರಲ್ಲಿ ‘ಕುನೊಮೋರುಸನ ಮಗ ದ್ರುಸ್ತಾನುಸ್ ಇಲ್ಲಿ ಮಲಗಿದ್ದಾನೆ’ ಎಂದಿದೆಯೆಂದು ಬಹುಮಂದಿ ಓದುತ್ತಾರೆ. 884ರಲ್ಲಿ ಬರೆದ ಒಂದು ಸಂತಚರಿತೆ ಮಾರ್ಕನಿಗೆ ಕುನೊಮೋರುಸ್ ಎಂಬ ಹೆಸರೂ ಇತ್ತೆನ್ನುತ್ತದೆ. ಗಂಡಸರಿಬ್ಬರಿಗೆ ಹೀಗೆ ಕಲ್ಲಿನದೋ ಓಲೆಯದೋ ಒಂದು ನೆರಳಾದರೂ ಸಿಕ್ಕಿದೆ. ಇಸೋಲ್ಡೆ ಮಾತ್ರ ಕಥೆಗಳಲ್ಲೇ ಇದ್ದಾಳೆ. ವೇಲ್ಸಿನ ‘ತ್ರಿಪದಿ’ ಪಟ್ಟಿಗಳಲ್ಲಿ, ಎಂದರೆ ಮೂರು ಮೂರು ಹೆಸರುಗಳನ್ನು ಒಟ್ಟಿಗೆ ನೆನಪಿಡುವ ಹಳೆಯ ನುಡಿಗಳಲ್ಲಿ, ಅವಳು ಎಸಿಲ್ಟ್ ಆಗಿ ಬರುತ್ತಾಳೆ. ಒಂದೆಡೆ ಗಂಡನಿಗೆ ಎರಡೆಣಿಸಿದ ಮೂವರು ಹೆಂಡಿರಲ್ಲಿ ಅವಳೊಬ್ಬಳು. ಅಂದರೆ ಅವಳ ಮೇಲಿನ ಆರೋಪ ಕೆಲ್ಟಿಕ್ ನೆನಪಿನಲ್ಲೂ ಇದೆ, ಆದರೆ ಅಲ್ಲಿ ಮದ್ದಿನ ಸುಳಿವಿಲ್ಲ.

ಹಾಗಾದರೆ ಮದ್ದು ಎಲ್ಲಿಂದ ಬಂತು? ಐರ್ಲೆಂಡಿನಲ್ಲಿ ಇದೇ ಹಂದರದ ಎರಡು ಹಳೆಯ ಕಥೆಗಳಿವೆ. ಮುದುಕ ಫಿನ್‌ನನ್ನು ಮದುವೆಯಾಗಬೇಕಾದ ಗ್ರಾನ್ಯೆ, ಔತಣದ ದಿನವೇ ಎಲ್ಲರಿಗೂ ಮಂಪರು ಬರುವ ಪಾನೀಯ ಕಳಿಸಿ, ತನಗೆ ಮೆಚ್ಚಿಗೆಯಾದ ಡಿಯರ್ಮಿಡ್‌ನನ್ನು ‘ಗೆಶ್’ ಎಂಬ ಮೀರಲಾಗದ ಕಟ್ಟಿಗೆ ಒಳಪಡಿಸಿ ಕರೆದೊಯ್ಯುತ್ತಾಳೆ. ಕಾನ್ಹೊವರ್ ದೊರೆಗಾಗಿ ಬೆಳೆಸಲಾಗಿದ್ದ ಡೀರ್‌ಡ್ರೆ, ನೀಶೆಯ ಎರಡೂ ಕಿವಿಗಳನ್ನು ಹಿಡಿದು, ತನ್ನನ್ನು ಕರೆದೊಯ್ಯದಿದ್ದರೆ ಇವು ನಾಚಿಕೆಯ ಕಿವಿಗಳಾಗಲಿ ಎನ್ನುತ್ತಾಳೆ. ಎರಡೂ ಕಡೆ ಆರಿಸಿಕೊಳ್ಳುವವಳು ಹೆಣ್ಣು, ಕಟ್ಟಿಗೆ ಬೀಳುವವನು ಗಂಡು. ಗ್ರಾನ್ಯೆಯ ಕಥೆಯ ಒಂದು ಸಣ್ಣ ವಿವರ ಥಾಮಸನ ಕಾವ್ಯದಲ್ಲೂ ಇದೆ: ನಡೆಯುವಾಗ ತೊಡೆಗೆ ಚಿಮ್ಮಿದ ನೀರು ಜೊತೆಗಿರುವ ಗಂಡಸಿಗಿಂತ ಧೈರ್ಯಶಾಲಿ ಎಂದು ಗ್ರಾನ್ಯೆ ಚುಚ್ಚುತ್ತಾಳೆ, ಥಾಮಸನಲ್ಲಿ ಅದೇ ಮಾತನ್ನು ಟ್ರಿಸ್ಟನ್ನನ ಹೆಂಡತಿ, ‘ಬಿಳಿಗೈಯ ಇಸೋಲ್ಡೆ’, ಕುದುರೆಯ ಮೇಲೆ ಹೋಗುತ್ತ ತನ್ನ ಅಣ್ಣನಿಗೆ ಹೇಳುತ್ತಾಳೆ. ಇಂಥ ಹೋಲಿಕೆಗಳ ಬಲದ ಮೇಲೆ ಅನೇಕ ವಿದ್ವಾಂಸರು, ಐರಿಷ್ ನಾಯಕಿಯ ‘ಗೆಶ್’ ಫ್ರೆಂಚ್ ಅರಮನೆಗಳಿಗೆ ಬರುವಷ್ಟರಲ್ಲಿ ಮದ್ದಿನ ಬಟ್ಟಲಾಯಿತು ಎನ್ನುತ್ತಾರೆ. ನನಗೂ ಅದು ಸರಿಯೆನಿಸುತ್ತದೆ. ರಾಣಿಯೊಬ್ಬಳು ಗಂಡನ ಸೋದರಳಿಯನನ್ನು ತಾನಾಗಿ ಬಯಸಿದಳೆಂದು ಕ್ರೈಸ್ತ ದೊರೆಯ ಆಸ್ಥಾನದಲ್ಲಿ ಹಾಡುವುದು ಕಷ್ಟವಿತ್ತು; ತಿಳಿಯದೆ ಕುಡಿದಳೆಂದರೆ ಕೇಳುವವರು ಕಣ್ಣೀರಿಡಲು ಅಡ್ಡಿಯಿರಲಿಲ್ಲ.

ಆದರೂ ಕವಿಗಳು ಮದ್ದನ್ನು ಸರ್ವಶಕ್ತವೆಂದು ಒಂದೇ ದನಿಯಲ್ಲಿ ಒಪ್ಪಲಿಲ್ಲ. ಬೆರೂಲನಲ್ಲಿ ಅದರ ಬಲ ಮೂರು ವರ್ಷ, ಐಲ್‌ಹಾರ್ಟ್‌ನಲ್ಲಿ ಅದರ ಉಗ್ರತೆ ನಾಲ್ಕು ವರ್ಷ, ಥಾಮಸ್ ಮತ್ತು ಗಾಟ್‌ಫ್ರೀಡರಲ್ಲಿ ಜೀವನಪರ್ಯಂತ. ಇಸೋಲ್ಡೆ ವಿಷವೆಂದು ತಿಳಿದೇ ಬಟ್ಟಲೆತ್ತಿದಳು, ದಾಸಿ ಅದನ್ನು ಬದಲಿಸಿದ್ದಳು ಎಂಬ ಕಥೆಯನ್ನು ನೀವೂ ಕೇಳಿರಬಹುದು. ಅದು ಮಧ್ಯಯುಗದ್ದಲ್ಲ, 1865ರಲ್ಲಿ ಮ್ಯೂನಿಕ್‌ನಲ್ಲಿ ಮೊದಲು ಪ್ರದರ್ಶನಗೊಂಡ, ಜರ್ಮನ್ ಸಂಗೀತರಚನಾಕಾರ ವಾಗ್ನರನ ಸಂಗೀತನಾಟಕದ್ದು. ನಿಮಗೆ ಹೆಚ್ಚು ಉಪಯೋಗವಾಗಬಲ್ಲದ್ದು ಬೆರೂಲನ ಮೂರು ವರ್ಷದ ಲೆಕ್ಕ. ಮೊರ್ವಾ ಕಾಡಿನಲ್ಲಿ ಬೇಟೆಯ ಮಾಂಸ ತಿಂದು, ಹರಿದ ಬಟ್ಟೆಯಲ್ಲಿ ತಲೆಮರೆಸಿಕೊಂಡಿದ್ದವರಿಗೆ ಒಂದು ದಿನ ಮದ್ದಿನ ಅಮಲು ಇಳಿಯುತ್ತದೆ. ಟ್ರಿಸ್ಟನ್ ಕಳೆದುಹೋದ ತನ್ನ ಯೋಧಬಾಳನ್ನು ನೆನೆದು ಮರುಗುತ್ತಾನೆ. ಇಸೋಲ್ಡೆ ತಾನು ರಾಣಿಯಾಗಿ ಹೆಣ್ಣುಮಕ್ಕಳನ್ನು ಹತ್ತಿರವಿಟ್ಟುಕೊಂಡು ಸಾಕಿ, ಒಳ್ಳೆಯ ಕಡೆ ಮದುವೆ ಮಾಡಿಸಬೇಕಾಗಿತ್ತು ಎಂದು ಮರುಗುತ್ತಾಳೆ. ಅವಳನ್ನು ಮಾರ್ಕನಿಗೆ ಒಪ್ಪಿಸುವುದೆಂದು ತೀರ್ಮಾನವಾಗುತ್ತದೆ. ಅಷ್ಟಾದ ಮೇಲೂ ಬೀಳ್ಕೊಳ್ಳುವಾಗ ಅವಳು ತನ್ನ ಹಸಿರುಕಲ್ಲಿನ ಉಂಗುರವನ್ನು ಕೊಡುತ್ತಾಳೆ, ಅವನು ತನ್ನ ಬೇಟೆನಾಯಿಯನ್ನು ಕೊಡುತ್ತಾನೆ, ಮತ್ತು ಭೇಟಿಗಳು ಮುಂದುವರಿಯುತ್ತವೆ. ಮದ್ದು ಮುಗಿದ ಮೇಲೆ ಉಳಿದದ್ದೇನು ಎಂಬ ಪ್ರಶ್ನೆಗೆ ಬೆರೂಲ್ ವಿವರಣೆ ಕೊಡದೆ ಉಂಗುರ ಮತ್ತು ನಾಯಿಯನ್ನು ತೋರಿಸುತ್ತಾನೆ. ನಿಮ್ಮ ನಟಿಗೆ ಅಭಿನಯಿಸಲು ಏನು ಉಳಿಯಿತೆಂದು ಕೇಳುವವರಿಗೆ ಈ ದೃಶ್ಯವನ್ನು ಓದಿಹೇಳಿ.

ಅವಳ ದುರಂತದ ಬೇರು ನನ್ನ ದೃಷ್ಟಿಯಲ್ಲಿ ಬಟ್ಟಲಿಗಿಂತ ಆಳದಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಚರ್ಚು, ವಿಶೇಷವಾಗಿ ಪೋಪ್ ಮೂರನೆಯ ಅಲೆಕ್ಸಾಂಡರನ ಕಾಲದಲ್ಲಿ, ವಧೂವರರ ಪರಸ್ಪರ ಒಪ್ಪಿಗೆಯೇ ಮದುವೆಯ ಜೀವಾಳವೆಂದು ಸಾರುತ್ತಿತ್ತು. ಇಸೋಲ್ಡೆಯ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಡ್ರ್ಯಾಗನ್ ಕೊಂದವನಿಗೆ ಮಗಳನ್ನು ಕೊಡುವೆನೆಂದು ತಂದೆ ಸಾರುತ್ತಾನೆ. ಅದನ್ನು ಕೊಂದ ಟ್ರಿಸ್ಟನ್ನನೇ ತನ್ನ ಸೋದರಮಾವ ಮೊರ್ಹೋಲ್ಟನನ್ನೂ ಕೊಂದವನು ಎಂದು ಅವಳು ಪತ್ತೆಹಚ್ಚುತ್ತಾಳೆ: ಮಾವನ ತಲೆಬುರುಡೆಯಿಂದ ತೆಗೆದಿಟ್ಟಿದ್ದ ಉಕ್ಕಿನ ಚೂರು, ಸ್ನಾನದ ತೊಟ್ಟಿಯಲ್ಲಿ ಕುಳಿತವನ ಕತ್ತಿಯ ಮುಕ್ಕಿಗೆ ಸರಿಯಾಗಿ ಕೂಡುತ್ತದೆ. ಅವಳು ಆ ಕತ್ತಿಯನ್ನೇ ಎತ್ತುತ್ತಾಳೆ, ಹೊಡೆಯುವುದಿಲ್ಲ. ಅವನಾದರೋ ಅವಳನ್ನು ಗೆದ್ದದ್ದು ತನಗಾಗಿಯೂ ಅಲ್ಲ, ತನ್ನ ಮಾವ ಮಾರ್ಕನಿಗಾಗಿ. ಮುಂದೆ ಗುಟ್ಟು ರಟ್ಟಾದಾಗ ಮಾರ್ಕ್ ಅವಳನ್ನು ಚಿತೆಯಿಂದ ತಪ್ಪಿಸಿ ಕುಷ್ಠರೋಗಿಗಳ ಗುಂಪಿಗೆ ಕೊಟ್ಟುಬಿಡುತ್ತಾನೆ. ಅವರಿಗೆ ಕೊಡುವ ಬದಲು ಇಲ್ಲೇ ಸುಟ್ಟುಬಿಡಿ ಎಂದು ಅವಳು ಬೇಡಿಕೊಳ್ಳುತ್ತಾಳೆ. ಕೊನೆಗೆ ಕಾಡಿನಿಂದ ಅವಳನ್ನು ತಂದು ಒಪ್ಪಿಸುವವನು ಪ್ರಿಯಕರನೇ. ಮೂರು ಸಲ ಮೂವರು ಗಂಡಸರು ಅವಳನ್ನು ಕೈದಾಟಿಸುತ್ತಾರೆ. ಅವಳ ಕೈಯಲ್ಲಿರುವುದು ಮಾತೊಂದೇ. ಆ ಮಾತನ್ನು ಕಿತ್ತುಕೊಂಡು ಅವಳನ್ನು ಸಾಧ್ವಿಯಾಗಿಸುವುದು ನಾಟಕಕಾರರಾದ ನೀವು ಅವಳಿಗೆ ಮಾಡಬಹುದಾದ ದೊಡ್ಡ ಅನ್ಯಾಯ.

ಅಮೃತಮತಿಯ ಹೋಲಿಕೆ ನನಗೆ ಅರ್ಥವಾಗುತ್ತದೆ; ಜನ್ನ ‘ಯಶೋಧರ ಚರಿತೆ’ಯನ್ನು ಮುಗಿಸಿದ್ದು 1209ರಲ್ಲಿ, ಗಾಟ್‌ಫ್ರೀಡ್ ಬರೆಯುತ್ತಿದ್ದ ವರ್ಷಗಳಲ್ಲೇ. ಆದರೆ ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಡುತ್ತಾಳೆ. ಇಸೋಲ್ಡೆ ಮಾರ್ಕನ ಪ್ರಾಣಕ್ಕೆ ಎಂದೂ ಕೈ ಹಾಕುವುದಿಲ್ಲ. ಜನ್ನನ ಕಾವ್ಯದ ದೃಷ್ಟಿ ಹಿಂಸೆಯ ಮೇಲೆ, ಸಂಕಲ್ಪಮಾತ್ರದ ಹಿಂಸೆಯೂ ತರುವ ಭವಾವಳಿಯ ಮೇಲೆ ಇದೆ. ಅದರ ತಕ್ಕಡಿಯಲ್ಲಿ ಇಸೋಲ್ಡೆಯನ್ನು ತೂಗಿದರೆ ಇಬ್ಬರೂ ಕೈತಪ್ಪುತ್ತಾರೆ.

ಹೀಗೆ ಹೇಳಿದರೂ ದಾಸಿ ಬ್ರಾಂಗೇನ್‌ಳ ಪ್ರಸಂಗಕ್ಕೆ ಬಿಳಿ ಬಣ್ಣ ಬಳಿಯಲು ಬರುವುದಿಲ್ಲ. ಮದುವೆಯ ರಾತ್ರಿ ಒಡತಿಯ ಕನ್ಯತ್ವ ಹೋಗಿರುವುದು ತಿಳಿಯದಿರಲೆಂದು ಕತ್ತಲಲ್ಲಿ ಮಾರ್ಕನ ಹಾಸಿಗೆಗೆ ಹೋದವಳು ಬ್ರಾಂಗೇನ್. ಗುಟ್ಟು ಬಲ್ಲವಳು ಬದುಕಿರಬಾರದೆಂದು ಇಸೋಲ್ಡೆ ಅವಳನ್ನು ಕಾಡಿಗೆ ಕಳಿಸಿ ಕೊಲ್ಲಲು ಆಜ್ಞಾಪಿಸುತ್ತಾಳೆ. ಗಾಟ್‌ಫ್ರೀಡನಲ್ಲಿ ಕೊಲ್ಲಬಂದವರು ಅವಳ ತಪ್ಪೇನೆಂದು ಕೇಳಿದಾಗ ಬ್ರಾಂಗೇನ್ ಹೇಳುವುದಿಷ್ಟು: ನಾವಿಬ್ಬರೂ ಐರ್ಲೆಂಡ್ ಬಿಟ್ಟಾಗ ಇಬ್ಬರ ಬಳಿಯೂ ಒಂದೊಂದು ಬಿಳಿಯ ಒಳಂಗಿಯಿತ್ತು, ಪ್ರಯಾಣದಲ್ಲಿ ಅವಳದು ಕೆಟ್ಟುಹೋಯಿತು, ನನ್ನದನ್ನು ಕೊಟ್ಟೆ, ಇದು ತಪ್ಪಾಗಿದ್ದರೆ ಬೇರೆ ತಪ್ಪು ನನಗೆ ಗೊತ್ತಿಲ್ಲ. ಸಾಯುವ ಹೊತ್ತಿನಲ್ಲೂ ಅವಳು ಗುಟ್ಟು ಬಿಡುವುದಿಲ್ಲ. ಈ ಮಾತನ್ನು ಕೇಳಿಸಿಕೊಂಡ ಇಸೋಲ್ಡೆ ಕುಸಿದು, ಅವಳನ್ನು ಮರಳಿ ತರಿಸಿಕೊಳ್ಳುತ್ತಾಳೆ. ದಯವಿಟ್ಟು ಇದನ್ನು ಕತ್ತರಿಸಬೇಡಿ. ಎಲ್ಲರ ಕೈಯಲ್ಲೂ ಸರಕಾದವಳು ತನ್ನ ಕೈಕೆಳಗಿನವಳನ್ನು ಸರಕಾಗಿ ಬಳಸುವ ಕ್ಷಣ ಇದು. ಕಾವ್ಯ ಅದನ್ನು ಮುಚ್ಚಿಡುವುದಿಲ್ಲ, ನಾವೂ ಮುಚ್ಚಿಡಬಾರದು. ಅಪಾಯವೇನೆಂದರೆ ಇದಾದ ಮೇಲೆ ಪ್ರೇಕ್ಷಕರ ಅನುಕಂಪ ಬ್ರಾಂಗೇನ್ ಕಡೆಗೆ ವಾಲುತ್ತದೆ. ವಾಲಲಿ, ಮುಂದಿನ ದೃಶ್ಯದಲ್ಲಿ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದರೆ ಸಾಕು.

ಪ್ರಮಾಣದ ದೃಶ್ಯ ನಾಟಕದ ನಡುಗಂಬವಾಗಬಲ್ಲದು. ಬೆರೂಲನಲ್ಲಿ ಅವಳು ಆರ್ಥರ್ ದೊರೆಯ ಸಮ್ಮುಖದಲ್ಲಿ ಸಂತರ ಅವಶೇಷಗಳ ಮೇಲೆ ತಾನು ನಿರ್ದೋಷಿಯೆಂದು ಪ್ರಮಾಣ ಮಾಡಬೇಕಾಗುತ್ತದೆ. ಮೊದಲೇ ಹೇಳಿಕಳಿಸಿದಂತೆ ಟ್ರಿಸ್ಟನ್ ಕುಷ್ಠರೋಗಿಯ ವೇಷದಲ್ಲಿ ಕೆಸರಿನ ಬಳಿ ಕಾದಿರುತ್ತಾನೆ. ಅವಳು ಎಲ್ಲರೆದುರು ಅವನ ಬೆನ್ನೇರಿ ಕೂಸುಮರಿಯಾಗಿ ಕೆಸರು ದಾಟುತ್ತಾಳೆ. ಆಮೇಲೆ, ನನ್ನನ್ನು ಹೊತ್ತು ತಂದ ಆ ರೋಗಿ ಮತ್ತು ನನ್ನ ಗಂಡ ಇವರಿಬ್ಬರನ್ನು ಬಿಟ್ಟು ಬೇರಾವ ಗಂಡಸೂ ನನ್ನ ತೊಡೆಗಳ ನಡುವೆ ಬಂದಿಲ್ಲ ಎಂದು ಆಣೆಯಿಡುತ್ತಾಳೆ. ಗಾಟ್‌ಫ್ರೀಡನಲ್ಲಿ ವೇಷ ಯಾತ್ರಿಕನದು, ಮತ್ತು ಅವಳು ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿದೂ ಸುಡದೆ ಉಳಿಯುತ್ತಾಳೆ. ಕ್ರಿಸ್ತನು ಗಾಳಿಗೆ ತೂಗುವ ಅಂಗಿಯ ತೋಳಿನಂತೆ ಬಾಗುತ್ತಾನೆ ಎಂಬ ದಿಟ್ಟ ಮಾತನ್ನು ಕವಿ ಅಲ್ಲೇ ಸೇರಿಸುತ್ತಾನೆ. ಕೆಲವೇ ವರ್ಷಗಳಲ್ಲಿ, 1215ರ ಲ್ಯಾಟರನ್ ಧರ್ಮಸಭೆ ಇಂಥ ದಿವ್ಯಗಳಿಗೆ, ಅಂದರೆ ಸತ್ಯಪರೀಕ್ಷೆಗಳಿಗೆ, ಪಾದ್ರಿಗಳು ಆಶೀರ್ವಾದ ಮಾಡಕೂಡದೆಂದು ನಿಷೇಧಿಸಿತು. ಇದು ಸುಳ್ಳು ಪ್ರಮಾಣವೆಂದು ನಿಮ್ಮ ಸಹೋದ್ಯೋಗಿಗಳು ಹೇಳಿದರೆ ಅಕ್ಷರಶಃ ಅದು ಸತ್ಯವೆಂಬುದನ್ನು ನೆನಪಿಸಿ. ಇದೇ ಉಪಾಯ ನಮ್ಮ ಕಡೆಗೂ ಅಪರಿಚಿತವಲ್ಲ: ಹನ್ನೆರಡನೆಯ ಶತಮಾನದ ಜೈನ ಆಚಾರ್ಯ ಹೇಮಚಂದ್ರನ ‘ಪರಿಶಿಷ್ಟಪರ್ವ’ದಲ್ಲಿ ನೂಪುರಪಂಡಿತೆಯೆಂಬವಳು, ಹುಚ್ಚನ ವೇಷದಲ್ಲಿ ಬಂದು ತಬ್ಬಿದ ಪ್ರಿಯಕರನನ್ನು ಹೀಗೆಯೇ ಆಣೆಯ ಮಾತಿನೊಳಗೆ ಸೇರಿಸಿ ಯಕ್ಷನ ಪರೀಕ್ಷೆಯನ್ನು ಗೆಲ್ಲುತ್ತಾಳೆ. ಅಲ್ಲಿ ಅದು ಹೆಣ್ಣಿನ ಕಪಟದ ದೃಷ್ಟಾಂತ, ಬೆರೂಲನಲ್ಲಿ ಕವಿಯೇ ಅವಳ ಪಕ್ಷ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಬೆರೂಲನನ್ನು ಹಿಡಿದರೆ ಕಾಡು, ಚಿತೆ, ಕೆಸರು, ಹೊಂಚುಹಾಕುವ ಮೂವರು ಸಾಮಂತರು ಎಲ್ಲ ಸಿಗುತ್ತದೆ, ಯುವನಟರಿಗೆ ಕೈತುಂಬ ಕೆಲಸ. ಆದರೆ ಆರಂಭ, ಅಂತ್ಯಗಳನ್ನು ಬೇರೆ ಕಡೆಯಿಂದ ತರಬೇಕು, ಮತ್ತು ಕುಷ್ಠರೋಗಿಗಳನ್ನು ಕಾಮುಕರ ಹಿಂಡಾಗಿ ಚಿತ್ರಿಸುವ ಭಾಗವನ್ನು ಇದ್ದಂತೆಯೇ ಆಡಿದರೆ, ಗುಣಪಡಿಸಬಹುದಾದ ರೋಗವೊಂದಕ್ಕೆ ಇಂದಿಗೂ ಅಂಟಿರುವ ಕಳಂಕವನ್ನು ನೀವು ಗಟ್ಟಿ ಮಾಡಿದಂತಾಗುತ್ತದೆ. ಆ ಗುಂಪಿನ ನಾಯಕನಿಗೆ ಘನತೆಯ ಒಂದೆರಡು ಮಾತು ಬರೆಯುವುದು ಅಥವಾ ಮಾರ್ಕನ ಆಜ್ಞೆಯಷ್ಟನ್ನೇ ಕೇಳಿಸುವುದು ಸಾಧ್ಯ. ಗದ್ಯರೂಪವನ್ನು ನಾನು ಸಲಹೆ ಮಾಡುವುದಿಲ್ಲ; ಅಲ್ಲಿ ಮಾರ್ಕ್ ಬರಿಯ ದುಷ್ಟನಾಗುತ್ತಾನೆ, ದುಷ್ಟನನ್ನು ಬಿಟ್ಟುಹೋಗುವುದರಲ್ಲಿ ಇಸೋಲ್ಡೆಗೆ ಸಂಕಟವೇ ಉಳಿಯುವುದಿಲ್ಲ. ಮದ್ದನ್ನು ಪೂರ್ತಿ ತೆಗೆದುಹಾಕುವುದು ಆಧುನಿಕ ನಿರ್ದೇಶಕರಿಗೆ ಪ್ರಿಯವಾದ ದಾರಿ. ಅದರಿಂದ ಇಚ್ಛೆಯ ಪ್ರಶ್ನೆ ನೇರವಾಗುತ್ತದೆ ನಿಜ, ಆದರೆ ಮಾವನ ಹಂತಕನ ಮೇಲಿನ ಹಗೆ ಒಲವಾಗುವ ತಿರುವನ್ನು ನೀವೇ ದೃಶ್ಯ ದೃಶ್ಯವಾಗಿ ಕಟ್ಟಬೇಕಾಗುತ್ತದೆ. ಜೊತೆಗೆ, ಮಗಳ ಮದುವೆ ಸುಖವಾಗಿರಲೆಂದು ಮದ್ದು ಕಾಯಿಸಿಕೊಟ್ಟ ತಾಯಿಯ ಕಾಳಜಿಯೇ ಮಗಳನ್ನು ಕೊಂದಿತೆಂಬ ಕಹಿ ಕಳೆದುಹೋಗುತ್ತದೆ.

ನಾನಾದರೆ ನಡುಭಾಗವನ್ನು ಬೆರೂಲನಿಂದಲೂ ಕೊನೆಯನ್ನು ಥಾಮಸನಿಂದಲೂ ತೆಗೆದುಕೊಳ್ಳುತ್ತೇನೆ. ಮೂರು ವರ್ಷದ ಮದ್ದಿಗೂ ಕೊನೆಯ ಮರಣಕ್ಕೂ ಹೊಂದಿಕೆಯಾಗದೆಂದು ಪಂಡಿತರು ಗೊಣಗಬಹುದು. ಮದ್ದು ಮುಗಿದ ಮೇಲೂ ಅವಳು ಸಮುದ್ರ ದಾಟಿ ಬರುತ್ತಾಳೆಂದಾಗ ಆ ಪ್ರಯಾಣ ಅವಳದೇ ಆಗುತ್ತದೆ, ನನಗೆ ಬೇಕಾದದ್ದು ಅದೇ. ಥಾಮಸನಲ್ಲಿ ವಿಷದ ಗಾಯದಿಂದ ಮಲಗಿದ ಟ್ರಿಸ್ಟನ್ ಅವಳಿಗೆ ಹೇಳಿಕಳಿಸುತ್ತಾನೆ. ಅವಳು ಬಂದರೆ ಹಡಗಿಗೆ ಬಿಳಿಯ ಹಾಯಿ, ಬರದಿದ್ದರೆ ಕರಿಯದು. ದಡ ಕಾಣುವಷ್ಟು ಹತ್ತಿರದಲ್ಲಿ ಬಿರುಗಾಳಿ ಏಳುತ್ತದೆ, ಅದು ನಿಂತ ಮೇಲೆ ಗಾಳಿಯೇ ಇಲ್ಲದೆ ಹಡಗು ನಿಲ್ಲುತ್ತದೆ. ಬಿರುಗಾಳಿಯಲ್ಲಿ ಇಸೋಲ್ಡೆ ಆಡುವ ದೀರ್ಘ ಸ್ವಗತವನ್ನು ಎಷ್ಟು ಸಾಧ್ಯವೋ ಅಷ್ಟು ಉಳಿಸಿಕೊಳ್ಳಿ. ತನ್ನ ಸಾವಿಗೆ ಅವಳು ಅಂಜುವುದಿಲ್ಲ, ತಾನು ಮುಳುಗಿದ್ದು ಅವನಿಗೆ ತಿಳಿಯದೇ ಹೋದರೆ ಎಂದು ಅಂಜುತ್ತಾಳೆ. ಅವನೂ ಎಂದಾದರೂ ಕಡಲಲ್ಲಿ ಮುಳುಗಿದರೆ ಒಂದೇ ಮೀನು ಇಬ್ಬರನ್ನೂ ನುಂಗೀತು, ಆಗ ಇಬ್ಬರಿಗೂ ಒಂದೇ ಗೋರಿಯಾದೀತು ಎನ್ನುತ್ತಾಳೆ. ಮಧ್ಯಯುಗದ ಪ್ರೇಮಕಾವ್ಯದಲ್ಲಿ ಇದಕ್ಕಿಂತ ನನ್ನನ್ನು ಕಲಕಿದ ಮಾತು ಇನ್ನೊಂದಿಲ್ಲ.

ಅದೇ ಹೊತ್ತಿಗೆ ಹಾಯಿ ಕರಿಯದೆಂದು ಸುಳ್ಳು ಹೇಳುವ ಬಿಳಿಗೈಯ ಇಸೋಲ್ಡೆಯನ್ನು ಖಳನಾಯಕಿಯಾಗಿಸುವ ಆಸೆಗೆ ಬೀಳಬೇಡಿ. ಹೆಸರಿನ ನೆಪದಿಂದ ಮದುವೆಯಾಗಿ, ಗಂಡ ಮುಟ್ಟದೆಯೇ ಬಾಳಿದವಳು ಅವಳು. ಟ್ರಿಸ್ಟನ್ ಮತ್ತು ತನ್ನಣ್ಣ ಗುಟ್ಟಾಗಿ ಆಡಿದ್ದನ್ನು ಗೋಡೆಯಾಚೆಯಿಂದ ಕೇಳಿ ಆಗಷ್ಟೇ ಸತ್ಯ ತಿಳಿದಿದ್ದಾಳೆ. ಇಬ್ಬರು ಇಸೋಲ್ಡೆಯರನ್ನೂ ಒಬ್ಬಳೇ ನಟಿ ಆಡಿದರೆ ಹೇಗೆ ಎಂದು ಯೋಚಿಸಬಹುದು, ಆದರೆ ಕೊನೆಯ ದೃಶ್ಯದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿರಬೇಕಾದ್ದರಿಂದ ಅದಕ್ಕೆ ಬೇರೆ ಉಪಾಯ ಹೂಡಬೇಕಾಗುತ್ತದೆ.

ಹಕ್ಕಿನ ವಿಷಯ ಸರಳ. ಮಧ್ಯಯುಗದ ಕಾವ್ಯಗಳ ಮೇಲೆ ಯಾರ ಹಕ್ಕೂ ಇಲ್ಲ. ಭಾರತದಲ್ಲಿ ಲೇಖಕರ ಮರಣಾನಂತರ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಬೆದಿಯೆ ತೀರಿಕೊಂಡದ್ದು 1938ರಲ್ಲಿ, ಅವನನ್ನು ಇಂಗ್ಲಿಷಿಗೆ ತಂದ ಹಿಲೇರ್ ಬೆಲಾಕ್ 1953ರಲ್ಲಿ, ಆದ್ದರಿಂದ ಅವರಿಬ್ಬರ ಪಠ್ಯವನ್ನು ನೀವು ನಿರಾತಂಕವಾಗಿ ಬಳಸಬಹುದು. ಬೆರೂಲ್, ಥಾಮಸ್, ಗಾಟ್‌ಫ್ರೀಡರ ಇತ್ತೀಚಿನ ಇಂಗ್ಲಿಷ್ ಅನುವಾದಗಳಿಂದ ಸಾಲುಗಳನ್ನು ನೇರವಾಗಿ ಕನ್ನಡಿಸುವುದಾದರೆ ಪ್ರಕಾಶಕರ ಅನುಮತಿ ಬೇಕು. ವಾಗ್ನರನ ಸಂಗೀತರಚನೆ ಮುಕ್ತವಾಗಿದ್ದರೂ ಅದರ ಧ್ವನಿಮುದ್ರಣಗಳಿಗೆ ಪ್ರತ್ಯೇಕ ಹಕ್ಕಿರುತ್ತದೆ. ಹಿನ್ನೆಲೆಗೆ ಬೇಕೆಂದಾದರೆ ಮುದ್ರಣ ಯಾವ ವರ್ಷದ್ದೆಂದು ನೋಡಿಕೊಂಡು, ಬಿಡುಗಡೆಯಾಗಿ 60 ವರ್ಷ ತುಂಬಿರದಿದ್ದರೆ ಪರವಾನಗಿ ಪಡೆದ ಮೇಲೆಯೇ ಬಳಸಿ.